ಗವರ್ನರರ ಕೊನೆಯ ಅಧ್ಯಾಯ

ಇಂದು ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ನನ್ನ ಅಡುಗೆಮನೆಯ ಮೇಜಿನ ಬಳಿ ನಾನು ಮತ್ತು ಮೇಷ್ಟ್ರ ಮಗಳು, ಇಬ್ಬರೇ. ಅವಳು ತನ್ನ ಗ್ಯಾರೇಜಿನಿಂದ ತಂದ ರಟ್ಟಿನ ಪೆಟ್ಟಿಗೆಯನ್ನು ತೆರೆದಾಗ ಹಳೆಯ ಕಾಗದದ ಜೊತೆ ಫೀಜೋವಾ ಹಣ್ಣಿನ ವಾಸನೆ ಬಂತು. ಹಿತ್ತಲಲ್ಲಿ ಉದುರಿದ ಆ ಹಸಿರು ಹಣ್ಣುಗಳನ್ನು ಮೇಷ್ಟ್ರು ಆಯ್ದು ತಂದು ಹಸ್ತಪ್ರತಿಯ ಮೇಲೆಯೇ ಸುರಿಯುತ್ತಿದ್ದರು. ನಾನು ಗದರಿದರೆ, "ಗವರ್ನರಗೂ ಹಸಿವಾಗತದವಾ" ಎನ್ನುತ್ತಿದ್ದರು.

ಅವರು ಧಾರವಾಡದವರು. ಕಡಲಾಚೆಯ ಈ ಪಾಮರ್ಸ್ಟನ್ ನಾರ್ತ್ ಊರಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿದ್ದರು. ಪಕ್ಕದ ಮನೆಯ ನಾನು ಆಸ್ಪತ್ರೆಯಲ್ಲಿ ನರ್ಸ್. ನೂರು ವರ್ಷಗಳ ಹಿಂದಿನ ಅಮೆರಿಕದ ಒಬ್ಬ ಗವರ್ನರರ ಬಗ್ಗೆ ಅವರು ಕನ್ನಡದಲ್ಲಿ ಪುಸ್ತಕ ಬರೆಯುತ್ತಿದ್ದರು. ಅಲ್ಲಿ ರಾಜ್ಯದ ಗವರ್ನರರನ್ನು ಜನರೇ ಆರಿಸುತ್ತಾರೆ. ಮೇಷ್ಟ್ರ ಕಣ್ಣು ಮಂಜಾದ ಮೇಲೆ ಅವರು ಹೇಳಿದರು, ನಾನು ಬರೆದೆ. ದಿನವೂ ಹತ್ತರಿಂದ ಹನ್ನೊಂದು. ಆಮೇಲೆ ನನಗೆ ಮಧ್ಯಾಹ್ನದ ಪಾಳಿ.

ಆ ಒಂದು ಗಂಟೆ ಕಿಟಕಿಯಾಚೆಯ ಬೀದಿ ಕರಗಿಹೋಗುತ್ತಿತ್ತು. ವಿದ್ಯಾರ್ಥಿಗಳ ಸೈಕಲ್ ಗಂಟೆ ಮೆಲ್ಲಗೆ ರೈಲಿನ ಗಂಟೆಯಾಗುತ್ತಿತ್ತು. ಗವರ್ನರ್ ಕೊನೆಯ ಡಬ್ಬಿಯ ಮೆಟ್ಟಿಲ ಮೇಲೆ ನಿಂತು, ಟೋಪಿ ತೆಗೆದು, ಗೋಧಿ ಹೊಲಗಳಿಂದ ಬಂದ ಜನರೊಂದಿಗೆ ಮಾತಾಡುತ್ತಿದ್ದರು... ರೈಲು ಕಂಪನಿಗಳನ್ನು ಎದುರು ಹಾಕಿಕೊಂಡು ಗೆದ್ದರು. ಗಿರಣಿಗಳಿಂದ ಮಕ್ಕಳನ್ನು ಬಿಡಿಸುವ ಕಾನೂನು ತಂದರು. ಎರಡನೆಯ ಚುನಾವಣೆಗೆ ಕೆಲವೇ ವಾರಗಳಿದ್ದಾಗ, ಮುಷ್ಕರ ಹೂಡಿ ಜೈಲು ಸೇರಿದ್ದ ಗಣಿ ಕೆಲಸಗಾರನೊಬ್ಬನ ಕ್ಷಮಾದಾನದ ಪತ್ರಕ್ಕೆ ರುಜು ಹಾಕಿದರು, ಸೋತರು. ಸೋಲುತ್ತೇನೆಂದು ತಿಳಿದೂ ಯಾಕೆ ಹಾಕಿದರು? ಆ ಒಂದು ಪ್ರಶ್ನೆಯ ಹಿಂದೆ ಮೇಷ್ಟ್ರು ಮೂವತ್ತು ವರ್ಷ ನಡೆದಿದ್ದರು.

ಒಂದು ದಿನ ನಾನು ಕೂರುವ ಮೊದಲೇ ಹೇಳಿದರು: "ಸಿಕ್ಕಿತವಾ! ಯಾಕ ಅಂತ ಈಗ ತಿಳೀತು." ಆದರೆ ಅವರ ರೂಢಿಯಂತೆ ದೂರದಿಂದಲೇ ಶುರುಮಾಡಿದರು. ಅಂದಿನ ಹವೆ, ಆ ಕೋಣೆ, ಮಸಿಕುಡಿಕೆ... ಅಷ್ಟರಲ್ಲಿ ಹನ್ನೊಂದಾಯಿತು. ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಒಂದ್ ಹತ್ತ ನಿಮಿಷ ಕೂಡ್ರವಾ. ಗವರ್ನರ್ ಪೆನ್ನ ಹಿಡಕೊಂಡ ಕುಂತಾನ."

"ನಾಳೆ ಹತ್ತಕ್ಕೆ ಹಾಕ್ಲಿ ಬಿಡಿ ಮೇಷ್ಟ್ರೇ, ರುಜು."

"ನಿನ್ನಂಥಾಕಿ ಸೆಕ್ರೆಟರಿ ಇದ್ದಿದ್ರ ಆ ಮನಶ್ಯಾ ಜೇಲಿನ್ಯಾಗ ಸಾಯತಿದ್ದ!" ಎಂದು ನಕ್ಕರು.

ಆ ದಿನ ನನಗೆ ರಜೆ ಇತ್ತು. ಗಂಟೆಯಾದರೆ ಏಳುವುದು ಅಭ್ಯಾಸ, ಅಷ್ಟೇ.

ಮರುದಿನ ಬೆಳಿಗ್ಗೆ ಅವರಿಗೆ ಪಾರ್ಶ್ವವಾಯು ಬಡಿಯಿತು, ಮಾತು ಹೋಯಿತು. ನಾಲ್ಕು ತಿಂಗಳು ಬದುಕಿದರು. ಹತ್ತಕ್ಕೆ ಹೋಗಿ, ಪಾಳಿಯಿಲ್ಲದ ದಿನ ಹನ್ನೊಂದು ಕಳೆದರೂ ಕೂತಿರುತ್ತಿದ್ದೆ. ಅವರ ತುಟಿ ಅಲುಗುತ್ತಿತ್ತು...

"ಆಂಟಿ, ಎಂಡಿಂಗ್ ನೀವ ಬರದುಬಿಡ್ರಿ," ಎಂದಳು ಮಗಳು ಇಂದು, ಪೆಟ್ಟಿಗೆಯಿಂದ ಹಸ್ತಪ್ರತಿ ತೆಗೆದಿಡುತ್ತ. "ಪ್ರಿಂಟ್ ಮಾಡಸ್ತೀನಿ. ಅಪ್ಪಾ ಏನ್ ಹೇಳಾವ್ರಿದ್ರು ನಿಮಗ ಗೊತ್ತಿರತದಲ್ಲ?"

ಗೊತ್ತಿಲ್ಲ. ಆ ರುಜುವಿನ ಹಿಂದಿದ್ದದ್ದು ಕರುಣೆಯೋ, ಯಾರಿಗೋ ಕೊಟ್ಟ ಮಾತೋ... ನಾಲ್ಕು ಸಾಲು ಹೊಸೆಯುವುದು ಕಷ್ಟವಲ್ಲ, ಕೈಬರಹವೂ ನನ್ನದೇ. ಅವಳಿಗೆ ಕನ್ನಡ ಓದಲು ಬಾರದು.

ಅರ್ಧಕ್ಕೆ ನಿಂತ ವಾಕ್ಯದ ಕೆಳಗೆ ಬರೆದೆ: "ಮುಂದಿನದನ್ನು ಹೇಳಲು ಲೇಖಕರು ಸಿದ್ಧರಿದ್ದರು. ಬರೆದುಕೊಳ್ಳುತ್ತಿದ್ದ ನಾನು ಎದ್ದು ಹೋದೆ." ಕೆಳಗೆ ನನ್ನ ಹೆಸರು.

"ಏನ್ ಬರದ್ರಿ, ಆಂಟಿ?"

ಬೆರಳಿಟ್ಟು, ನಿಧಾನವಾಗಿ, ಅವಳಿಗೆ ಓದಿ ಹೇಳಿದೆ. ಮೇಷ್ಟ್ರ ಪುಸ್ತಕಕ್ಕೆ ನಾನು ಮಾಡಿದ ಕೊನೆಯ ಕೆಲಸ ಅದು.