ಎರಡೇ ಕ್ಲಿಕ್ಕಿನ ವಾರ್ಡು

ನಾನು ಅವರನ್ನು ಕ್ಷಮಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಂಗತಿ ಕೇಳಿದವರೆಲ್ಲ ಕೊನೆಗೆ, "ಹೋಗ್ಲಿ ಬಿಡಿ, ನಿಮ್ಮಮ್ಮ ಉಳ್ಕೊಂಡ್ರಲ್ಲ" ಎನ್ನುತ್ತಾರೆ. ಅಮ್ಮ ಉಳಿದುಕೊಂಡಳು, ನಿಜ. ಆದರೆ ಬಿಡುವುದಕ್ಕೆ ನನ್ನ ಕೈಯಲ್ಲಿ ಏನೂ ಇಲ್ಲ. ಸಿರಿಂಜಿನ ಹಿಂದೆ ಒತ್ತಿಕೊಂಡಿದ್ದ ಆ ಹೆಬ್ಬೆರಳು ದಿನಕ್ಕೊಮ್ಮೆಯಾದರೂ ಕಣ್ಣ ಮುಂದೆ ಬರುತ್ತದೆ. ಬಸ್ಸಿನಲ್ಲಿ, ಸ್ನಾನ ಮಾಡುವಾಗ, ತರಕಾರಿ ಚೌಕಾಸಿ ಮಾಡುವಾಗ. ಬಂದಾಗಲೆಲ್ಲ ಅದು ಇನ್ನಷ್ಟು ಒಳಗೆ ಹೋಗಿರುತ್ತದೆ.

ಕೆಂಗೇರಿ ದಾಟಿದ ಮೇಲೆ ಸಿಗುವ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಇನ್‌ಸ್ಟ್ರಕ್ಟರ್ ಆಗಿದ್ದೆ. ವೆಬ್‌ನಲ್ಲಿ ತಿಂಗಳಿಗೊಂದು ಹೊಸತು ಹುಟ್ಟುತ್ತಿದ್ದ ಕಾಲ. ವಿದ್ಯಾರ್ಥಿಗಳು ತಾವೇ ಬರೆದು ತಾವೇ ತಿದ್ದುವ ವಿಕಿ ಪುಟಗಳು, ಕಿವಿಗೆ ಹಾಕಿಕೊಂಡು ಕೇಳುವ ಪಾಠಗಳು, ಮೇಷ್ಟ್ರುಗಳ ಬ್ಲಾಗುಗಳು ಎಲ್ಲವನ್ನೂ ನಾವು ಒಂದೊಂದು ಕೈ ನೋಡಿದ್ದೆವು. ಎಲ್ಲಕ್ಕಿಂತ ದೊಡ್ಡ ಆಕರ್ಷಣೆ ಎಂದರೆ ವರ್ಚುವಲ್ ಲೋಕ. ಪರದೆಯೊಳಗೊಂದು ಊರು, ಅದರಲ್ಲಿ ನಮ್ಮ ಪರವಾಗಿ ಒಂದು ಬೊಂಬೆ ನಡೆಯುತ್ತದೆ, ಹಾರುತ್ತದೆ, ಮಾತಾಡುತ್ತದೆ. ಹೊರದೇಶದ ಕಾಲೇಜುಗಳು ಅಲ್ಲಿ ಆಸ್ಪತ್ರೆಗಳನ್ನೇ ಕಟ್ಟಿಕೊಂಡು ಪಾಠ ಮಾಡುತ್ತಿವೆ ಎಂದು ತಿಳಿದು ನಮ್ಮವರೂ ಒಂದು ತುಂಡು ಜಾಗ ಬಾಡಿಗೆಗೆ ಹಿಡಿದರು. ಅಲ್ಲಿ ವಾರ್ಡು ಕಟ್ಟಿದವಳು ನಾನು. ಮಂಚ, ಡ್ರಿಪ್ ಸ್ಟ್ಯಾಂಡು, ಇಸಿಜಿ ಗೆರೆ ಓಡುವ ಡಬ್ಬಿ, ಮುಟ್ಟಿದರೆ ತನ್ನ ಕಷ್ಟ ಹೇಳಿಕೊಳ್ಳುವ ರೋಗಿ.

ಮೊದಮೊದಲು ಕ್ಲಾಸು ಜಾತ್ರೆಯಾಗಿತ್ತು. ಒಬ್ಬನ ಬೊಂಬೆ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಿತ್ತು, ಇನ್ನೊಬ್ಬಳದು ರೆಕ್ಕೆ ಕಟ್ಟಿಕೊಂಡೇ ರೌಂಡ್ಸಿಗೆ ಬರುತ್ತಿತ್ತು.

"ಮಗಾ, ಪೇಷೆಂಟ್ ಎದೆ ಮೇಲೆ ಕೂತಿದೀಯ ಕಣೋ."

"ಇಳಿಯಕ್ಕೆ ಬರ್ತಿಲ್ಲ ಗುರು, ನೆಟ್ ಹ್ಯಾಂಗ್ ಆಗಿದೆ."

ಆದರೂ ಕಲಿಯುತ್ತಿದ್ದರು. ನಾನು ಅತಿ ಹೆಚ್ಚು ಶ್ರಮ ಹಾಕಿದ್ದು ಪೊಟ್ಯಾಸಿಯಂ ಪಾಠಕ್ಕೆ. ವಾಂತಿಭೇದಿಯಿಂದ ಬಳಲಿದವರ ರಕ್ತದಲ್ಲಿ ಪೊಟ್ಯಾಸಿಯಂ ಇಳಿದುಹೋಗುತ್ತದೆ, ತುಂಬಿಕೊಡಬೇಕು. ಆ ಔಷಧಿಯನ್ನು ಆಂಪೂಲೆಂಬ ಪುಟ್ಟ ಗಾಜಿನ ಸೀಸೆಯಿಂದ ಎಳೆದು ಸಲೈನ್ ಬಾಟಲಿಗೆ ಸೇರಿಸಿ, ಬಾಟಲಿಯನ್ನು ಚೆನ್ನಾಗಿ ತಿರುಗಿಸಿ ಬೆರೆಸಿ, ಗಂಟೆಗಟ್ಟಲೆ ನಿಧಾನವಾಗಿ ಹನಿಸಬೇಕು. ಹಾಗೇ ನೇರವಾಗಿ ರಕ್ತನಾಳಕ್ಕೆ ಒತ್ತಿದರೆ ಹೃದಯ ನಿಂತುಹೋಗುತ್ತದೆ. ನನಗೆ ವೈದ್ಯಕೀಯ ಗೊತ್ತಿಲ್ಲ. ಅರಿವಳಿಕೆ ವಿಭಾಗದ ಡಾಕ್ಟರೊಬ್ಬರ ಪಕ್ಕ ಕೂತು ಪ್ರತಿ ಹೆಜ್ಜೆಯನ್ನೂ ಕೇಳಿಕೊಂಡು ಪರದೆಯೊಳಗೆ ಇಳಿಸಿದ್ದೆ.

ವೈದ್ಯಶಿಕ್ಷಣ ಘಟಕದ ಮುಖ್ಯಸ್ಥರಾಗಿದ್ದ ಪ್ರೊಫೆಸರಿಗೆ ಈ ಹೆಜ್ಜೆಗಳು ಇಷ್ಟವಾಗಲಿಲ್ಲ. ಕಾಲೇಜಿಗೆ ಇನ್‌ಸ್ಪೆಕ್ಷನ್ ಬರುವುದಿತ್ತು. ನಮ್ಮಲ್ಲಿ ಇನ್‌ಸ್ಪೆಕ್ಷನ್ ಎಂದರೆ ಮದುವೆ ಮನೆ. ಗೋಡೆಗೆ ಸುಣ್ಣ, ಕುಂಡಗಳಿಗೆ ಕೆಮ್ಮಣ್ಣು, ಬಂದವರಿಗೆ ತೋರಿಸಲು ಒಂದು ಹೊಸ ಆಕರ್ಷಣೆ. ಆ ಸಲದ ಆಕರ್ಷಣೆ ನನ್ನ ವಾರ್ಡು.

"ಆ ಡ್ರಿಪ್ ಮುಗಿಯೋವರೆಗೂ ಯಾರಮ್ಮ ಕಾಯ್ತಾರೆ?" ಎಂದರು. "ಬಂದವರ ಕಾಫಿ ಆರೋದ್ರೊಳಗೆ ಪೇಷೆಂಟ್ ಎದ್ದು ಕೂರ್ಬೇಕು. ಆಂಪೂಲ್ ಮೇಲೊಂದು ಕ್ಲಿಕ್ಕು, ಕೈ ಮೇಲೊಂದು ಕ್ಲಿಕ್ಕು. ಮುಗೀತು."

"ಸಾರ್, ಪಾಠ ಇರೋದೇ ಆ ಮಧ್ಯದಲ್ಲಿ."

"ಪಾಠ ಪುಸ್ತಕದಲ್ಲಿದೆ. ಇದು ಪ್ರೆಸೆಂಟೇಷನ್."

ನಾನು ಆಗುವುದಿಲ್ಲ ಎಂದೆ. ಬೇಸಿಗೆ ರಜೆಯಲ್ಲಿ ಅವರು ಹೊರಗಿನ ಕಂಪನಿಯವರನ್ನು ಕರೆಸಿ ಮಧ್ಯದ ಹೆಜ್ಜೆಗಳನ್ನು ತೆಗೆಸಿಹಾಕಿದರು. ವಾರ್ಡಿನ ಪಾಸ್‌ವರ್ಡನ್ನೂ ತಮ್ಮ ಬಳಿ ಇಟ್ಟುಕೊಂಡರು. ಇನ್‌ಸ್ಪೆಕ್ಷನ್ನಿಗೆ ಬಂದವರು ಚಪ್ಪಾಳೆ ತಟ್ಟಿ ಹೋದರು. ಹಳೆಯದನ್ನು ವಾಪಸು ಹಾಕೋಣ ಎಂದು ನಾನು ಕೇಳಿದಾಗಲೆಲ್ಲ ಅವರು, "ಮಾಡೋಣ, ಮಾಡೋಣ" ಎಂದರು. ನಮಗಿದ್ದದ್ದು ಒಂದೇ ವಾರ್ಡು. ನೆಂಟರಿಗೆ ತೋರಿಸಲು ಸಿಂಗರಿಸಿದ ಅದೇ ವಾರ್ಡಿನಲ್ಲಿ ಹುಡುಗ ಹುಡುಗಿಯರು ಕಲಿಯತೊಡಗಿದರು. ಅದು ಸಾಲದೆಂಬಂತೆ, ಯಾರು ಬೇಗ ಗುಣಪಡಿಸುತ್ತಾರೋ ಅವರಿಗೆ ಹೆಚ್ಚು ಅಂಕ ಎಂದು ಪ್ರೊಫೆಸರು ಆಟ ಬೇರೆ ಇಟ್ಟರು. ಲ್ಯಾಬಿನಲ್ಲಿ ಮೌಸ್‌ಗಳ ಟಕ್ ಟಕ್ ಸದ್ದು. ಪರದೆಯೊಳಗೆ ರೋಗಿ ಎದ್ದು ಕೂರುತ್ತಿತ್ತು, ಮತ್ತೆ ಮಲಗುತ್ತಿತ್ತು, ಮತ್ತೆ ಎದ್ದು ಕೂರುತ್ತಿತ್ತು.

ಮರುವರ್ಷ ಅಮ್ಮ ನಂದಿನಿ ಲೇಔಟಿನ ಒಂದು ಗೃಹಪ್ರವೇಶದಲ್ಲಿ ಉಂಡು ಬಂದು ವಾಂತಿಭೇದಿ ಹಿಡಿಸಿಕೊಂಡಳು. ಮೂಡಲಪಾಳ್ಯದ ನಮ್ಮ ಮನೆಗೆ ಹತ್ತಿರದಲ್ಲೇ ನರ್ಸಿಂಗ್ ಹೋಮುಗಳಿದ್ದವು. ನನ್ನ ಕಾಲೇಜು, ನನ್ನ ಪರಿಚಯದವರು ಎಂಬ ಧೈರ್ಯದಿಂದ ಆಟೋ ಹತ್ತಿಸಿ ನಮ್ಮ ಆಸ್ಪತ್ರೆಗೇ ಕರೆದುಕೊಂಡು ಹೋದೆ.

ಬೆಳಗಿನ ಹೊತ್ತು. ವಾರ್ಡು ತುಂಬಿತ್ತು. ಅಮ್ಮನ ರಕ್ತದ ವರದಿ ಬಂದಿತ್ತು, ಪೊಟ್ಯಾಸಿಯಂ ಕಡಿಮೆ. ದೊಡ್ಡ ಡಾಕ್ಟರು ಫೋನಿನಲ್ಲೇ ಔಷಧಿ ಹೇಳಿದರು. ಹೌಸ್ ಸರ್ಜನ್ ಹುಡುಗಿ ಬಂದಳು. ಗದಗದ ಕಡೆಯವಳು, ನನ್ನ ಲ್ಯಾಬಿನಲ್ಲಿ ಕೂತು ಕಲಿತವಳೇ, ಚುರುಕಿನವಳು. ನನ್ನನ್ನು ನೋಡಿ ನಕ್ಕಳು. "ಅಮ್ಮಾರೀ ಮೇಡಂ? ಚಿಂತಿ ಮಾಡಬ್ಯಾಡ್ರಿ, ಈಗ ಆರಾಮ ಮಾಡೂಣ್ರಿ" ಎಂದಳು.

ಆಂಪೂಲಿನ ಕತ್ತು ಮುರಿದಳು. ಸಿರಿಂಜಿಗೆ ಎಳೆದಳು. ನಾನು ಸ್ಟ್ಯಾಂಡಿಗೆ ನೇತುಹಾಕಿದ್ದ ಬಾಟಲಿಯನ್ನು ನೋಡುತ್ತಿದ್ದೆ. ಸೂಜಿ ಈಗ ಅಲ್ಲಿಗೆ ಹೋಗಬೇಕು. ಹೋಗಲಿಲ್ಲ. ಅವಳ ಕೈ ಅಮ್ಮನ ಕೈಗೆ ಬಂತು. ಡ್ರಿಪ್ಪಿಗೆಂದು ಅಲ್ಲಿ ಚುಚ್ಚಿಟ್ಟಿದ್ದ ಕ್ಯಾನುಲಾ ಕೊಳವೆಗೆ ಸಿರಿಂಜನ್ನು ನೇರವಾಗಿ ಸಿಕ್ಕಿಸಿದಳು. ಹೆಬ್ಬೆರಳು ಹಿಂದೆ ಕೂತಿತು.

ಕಣ್ಣ ಮುಂದಿದ್ದದ್ದು ನಿಜವಾದ ವಾರ್ಡೋ, ಪರದೆಯ ವಾರ್ಡೋ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಆ ಎರಡು ಚಲನೆಗಳನ್ನು ನಾನು ಅಷ್ಟು ಸಲ ನೋಡಿದ್ದೆ. ಆಂಪೂಲು, ಕೈ. ಟಕ್, ಟಕ್.

"ಉರೀತಾ ಇದೆ ಕಣೇ," ಎಂದಳು ಅಮ್ಮ. ಆಮೇಲೆ ಕಿರುಚಿದಳು. "ಕೈ ಉರೀತಾ ಇದೆ, ತೆಗ್ಸೇ."

ಆಗ ನಾನು ಎಗರಿ ಹುಡುಗಿಯ ಮಣಿಕಟ್ಟು ಹಿಡಿದೆ. ಸಿರಿಂಜು ಕಳಚಿ ನೆಲಕ್ಕೆ ಬಿತ್ತು. ಸಿಸ್ಟರ್ ಓಡಿ ಬಂದರು, ನೆಲ ನೋಡಿದರು, ಆಂಪೂಲು ನೋಡಿದರು, ಅವರ ಮುಖವೇ ಬಿಳಿಚಿಕೊಂಡಿತು. ಇಸಿಜಿ ತಂತಿಗಳನ್ನು ಹಚ್ಚಿದರು. ಗೆರೆ ಓಡುತ್ತಿತ್ತು. ಅದನ್ನೇ ನೋಡುತ್ತಾ ನಿಂತೆ. ಯಾರೋ ಕುರ್ಚಿ ಕೊಟ್ಟರು, ಕೂರಲಾಗಲಿಲ್ಲ. ಒಳಗೆ ಹೋಗಿದ್ದು ಸ್ವಲ್ಪವೇ ಎಂದು ಡಾಕ್ಟರು ಹೇಳಿದ ಮೇಲೂ ಆ ಗೆರೆಯ ಒಂದೊಂದು ಏರಿಗೂ ಮುಂದಿನ ಏರು ಬರುತ್ತದೋ ಇಲ್ಲವೋ ಎಂದು ಕಾದೆ. ಈಗಲೂ ಕಾಯುತ್ತಿದ್ದೇನೆ ಅನಿಸುತ್ತದೆ.

ಹುಡುಗಿ ವಾರ್ಡಿನ ಮೂಲೆಯಲ್ಲಿ ನಿಂತಿದ್ದಳು. ಅವಳಿಗೆ ಹೊಡೆಯಬೇಕೆಂದೇ ಹೋದೆ.

"ಪುಸ್ತಕದಾಗ ಓದೀನ್ರೀ ಮೇಡಂ," ಎಂದಳು. "ಪರೀಕ್ಷಾದಾಗ ಬರದೂ ಬಂದೀನಿ. ಆದ್ರ ಆಂಪೂಲ್ ಹಿಡದ ಕೂಡ್ಲೆ ಕೈ ತಾನ ಅಲ್ಲಿಗೆ ಹೋತ್ರೀ. ನಾ ವಿಚಾರನ ಮಾಡ್ಲಿಲ್ಲ."

ಎತ್ತಿದ ನನ್ನ ಕೈ ಇಳಿಯಿತು. ಸಿಟ್ಟು ಇಳಿಯಲಿಲ್ಲ, ಅದಕ್ಕೆ ಸರಿಯಾದ ವಿಳಾಸ ಸಿಕ್ಕಿತು ಅಷ್ಟೆ.

ಪ್ರೊಫೆಸರು ಆ ವಾರವೇ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಹುಡುಗಿಯ ಮೇಲೆ ವಿಚಾರಣೆ ಕೂತಿತ್ತು. ತಪ್ಪು ಅವಳದೇ ಎಂದಾದರೆ ವರ್ಷದ ಮಟ್ಟಿಗೆ ಹೊರಗೆ. ಅಂಥ ಕಪ್ಪುಚುಕ್ಕೆ ಹೊತ್ತವಳನ್ನು ಆಮೇಲೆ ಯಾವ ಆಸ್ಪತ್ರೆ ಹತ್ತಿರ ಸೇರಿಸುತ್ತದೆ? ಪ್ರೊಫೆಸರು ಕುರ್ಚಿ ತೋರಿಸಿ, ಅಮ್ಮನ ಆರೋಗ್ಯ ವಿಚಾರಿಸಿ, ಒಂದು ಚೀಟಿ ಮುಂದೆ ತಳ್ಳಿದರು. ವಾರ್ಡಿನ ಪಾಸ್‌ವರ್ಡು.

"ಆ ಡೈಲ್ಯೂಷನ್ ಸ್ಟೆಪ್ಸ್ ವಾಪಸ್ ಹಾಕ್ಬಿಡಿ. ಸೋಮವಾರ ಕಮಿಟಿಯವರು ನಮ್ ಲ್ಯಾಬ್ ನೋಡಕ್ಕೆ ಬರ್ತಾರೆ."

"ಬಂದು ಕೇಳಿದ್ರೆ ಏನನ್ನೋದು ಸಾರ್?"

"ಕೇಳೋದೇನಿದೆ? ಮೊದಲಿಂದ ಇತ್ತು. ಹುಡುಗಿ ಸರಿಯಾಗಿ ಪ್ರಾಕ್ಟೀಸ್ ಮಾಡಿಲ್ಲ." ನನ್ನ ಮೇಲೆ ಕನಿಕರ ಇದ್ದವರ ಹಾಗೆ ಸೇರಿಸಿದರು: "ನಿಮಗೂ ಅವಳ ಮೇಲೆ ಸಿಟ್ಟಿರತ್ತಲ್ಲಮ್ಮ. ತಾಯಿ ವಿಷ್ಯ."

ನನ್ನ ತಾಯಿಯನ್ನು ಮುಂದಿಟ್ಟುಕೊಂಡು ಅವರು ತಮ್ಮನ್ನು ಉಳಿಸಿಕೊಳ್ಳಲು ಹೊರಟಿದ್ದರು. ನಾನು ಚೀಟಿ ತೆಗೆದುಕೊಂಡೆ. "ಆಯ್ತು ಸಾರ್, ಹಾಕ್ತೀನಿ" ಎಂದೆ. ಹಾಕಿದೆ ಕೂಡ. ಒಂದು ಹೆಜ್ಜೆಯನ್ನೂ ಬಿಡಲಿಲ್ಲ. ಕೇಳಿದ್ದಕ್ಕಿಂತ ಹೆಚ್ಚೇ ಹಾಕಿದೆ.

ಮೊದಲು ನನ್ನ ಪಾಠದಲ್ಲಿ ತಪ್ಪು ಮಾಡಿದವರಿಗೆ ಒಂದು ಕೆಂಪು ಅಕ್ಷರದ ಎಚ್ಚರಿಕೆ ಬರುತ್ತಿತ್ತು. ಅದನ್ನು ಅಳಿಸಿದೆ. ಈಗ ತಪ್ಪಿದರೆ ರೋಗಿ ಸಾಯಬೇಕು. ಸಾಯುವ ಮುಂಚೆ ಕೂಗಬೇಕು. ಮನೆಯಲ್ಲಿ ಹೆಡ್‌ಫೋನಿನ ಮೈಕನ್ನು ಅಮ್ಮನ ಮುಂದೆ ಹಿಡಿದು ವಿಷಯ ಹೇಳಿದೆ. ಅವಳ ಕೈ ಇನ್ನೂ ಬಾತಿತ್ತು.

"ಸಾಯೋ ಪಾರ್ಟಾ ನಂಗೆ?" ಎಂದಳು. "ಹಂಗಾದ್ರೆ ಆ ಬೊಂಬೆಗೆ ಒಂದ್ ಒಳ್ಳೇ ಸೀರೆನಾದ್ರೂ ಉಡ್ಸು. ನೈಟಿ ಹಾಕಿ ಸಾಯಿಸ್ಬೇಡ ಕಣೇ."

"ಅಮ್ಮ, ತಮಾಷೆ ಅಲ್ಲ. ಅವತ್ತು ಹೆಂಗೆ ಕೂಗಿದ್ಯೋ ಹಂಗೇ ಕೂಗು."

ಅವಳು ಬಾತ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೂಗಿದಳು. ಎದುರು ಮನೆಯ ಆಂಟಿ ಏನಾಯಿತೆಂದು ಗೇಟಿನವರೆಗೆ ಬಂದರು. ಬೊಂಬೆಗೆ ನೀಲಿ ಸೀರೆ ಉಡಿಸಿ ಆ ದನಿಯನ್ನು ಅದರ ಬಾಯಿಗೆ ಇಟ್ಟೆ.

ಹೊಸ ಪಾಠವನ್ನು ಒಮ್ಮೆ ನೋಡಿ ಎಂದು ನಾನು ಪ್ರೊಫೆಸರಿಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ. ತಾವು ಹಾಕಲು ಹೇಳಿದ್ದು ಏನೆಂದು ಅವರಿಗೆ ಗೊತ್ತಿತ್ತು. ಆದರೆ ಬಂದ ಬಂದ ನೆಂಟರ ಮುಂದೆಲ್ಲ ಎರಡು ಕ್ಲಿಕ್ಕಿನಲ್ಲಿ ರೋಗಿಯನ್ನು ಎಬ್ಬಿಸಿದ್ದು ಅವರದೇ ಕೈ. ನಾನು ನಂಬಿದ್ದು ಆ ಕೈಯನ್ನು.

ಸೋಮವಾರ ಲ್ಯಾಬಿಗೆ ಬಂದ ಸಮಿತಿಯಲ್ಲಿ ನಮ್ಮ ಪ್ರಿನ್ಸಿಪಾಲರು ಮತ್ತು ಹೊರಗಿನಿಂದ ಬಂದ, ಔಷಧಶಾಸ್ತ್ರ ಕಲಿಸಿ ನಿವೃತ್ತರಾದ ವಯಸ್ಸಾದ ಮೇಡಂ ಇದ್ದರು. ಹುಡುಗಿಯನ್ನು ಬಾಗಿಲ ಬಳಿ ನಿಲ್ಲಿಸಿದ್ದರು. ನಾನು ದೊಡ್ಡ ಪರದೆ ಹಚ್ಚಿ ಮೌಸನ್ನು ಪ್ರೊಫೆಸರ ಕಡೆ ಸರಿಸಿದೆ.

"ನೀವೇ ತೋರಿಸಿ ಸಾರ್. ನಿಮ್ಮಷ್ಟು ಚೆನ್ನಾಗಿ ನಂಗೆ ಬರಲ್ಲ."

ಅವರು ಖುಷಿಯಿಂದ ಕೂತರು. ಇಂಟರ್ನೆಟ್ಟು, ಮುಂದಿನ ಪೀಳಿಗೆ, ಹಳ್ಳಿಯಿಂದ ಬಂದ ಮಕ್ಕಳಿಗೂ ಜಗತ್ತಿನ ಮಟ್ಟದ ಶಿಕ್ಷಣ ಎಂದೆಲ್ಲ ಹೇಳುತ್ತಾ, ಮೇಡಂ ಮುಖವನ್ನೇ ನೋಡುತ್ತಾ, ಪರದೆಯ ಕಡೆ ತಿರುಗದೆಯೇ ಒತ್ತಿದರು. ಆಂಪೂಲು. ಕೈ.

"ಉರೀತಾ ಇದೆ ಕಣೇ. ಕೈ ಉರೀತಾ ಇದೆ, ತೆಗ್ಸೇ."

ಬಾಗಿಲ ಬಳಿ ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಪ್ರೊಫೆಸರು ಇನ್ನೊಮ್ಮೆ ಒತ್ತಿದರು, ಮತ್ತೊಮ್ಮೆ ಒತ್ತಿದರು. ಗೆರೆ ಕುಣಿದು, ಅಗಲವಾಗಿ, ಮಲಗಿತು. ಅವರ ಕತ್ತಿನ ಮೇಲೆ ಬೆವರು ಹರಿಯುವುದನ್ನು ನಾನು ಹಿಂದೆ ನಿಂತು ಕಣ್ತುಂಬ ನೋಡಿದೆ.

"ನೇರವಾಗಿ ಕೊಟ್ಬಿಟ್ರಲ್ಲಪ್ಪ," ಎಂದರು ಮೇಡಂ.

"ಇಲ್ಲ ಮೇಡಂ, ಇದು... ನೆಟ್ ಸ್ಲೋ ಇದೆ."

"ನೆಟ್ ಸ್ಲೋ ಇದ್ದಿದ್ರೆ ಔಷಧಿನೂ ಸ್ಲೋ ಆಗಿ ಹೋಗ್ಬೇಕಿತ್ತು."

ಆಗ ನಾನು ಮಾತಾಡಿದೆ. ಈ ಹೆಜ್ಜೆಗಳನ್ನು ತೆಗೆಸಿದವರು ಯಾರು, ಹುಡುಗಿ ಕಲಿತದ್ದು ಯಾವುದರಲ್ಲಿ, ವಾಪಸು ಹಾಕು ಎಂದು ಚೀಟಿ ಕೊಟ್ಟವರು ಯಾರು, ಕೂಗಿದ್ದು ಯಾರ ದನಿ, ಎಲ್ಲವನ್ನೂ ಹೇಳಿದೆ. ದನಿ ಏರಿಸಲಿಲ್ಲ. ಪ್ರಿನ್ಸಿಪಾಲರು ನೆಲ ನೋಡಿದರು. ಪ್ರೊಫೆಸರು, "ಪೊಟ್ಯಾಸಿಯಂ ಡೈಲ್ಯೂಟ್ ಮಾಡ್ಬೇಕು ಅಂತ ನಂಗೆ ಗೊತ್ತಿಲ್ವಾ ಮೇಡಂ? ಫಸ್ಟ್ ಇಯರ್ ಮಕ್ಕಳಿಗೂ ಗೊತ್ತು" ಎಂದರು.

"ಅವಳಿಗೂ ಗೊತ್ತಿತ್ತು," ಎಂದು ಮೇಡಂ ಬಾಗಿಲ ಕಡೆ ತಿರುಗಿದರು. "ನೀನು ಹೋಗಮ್ಮ. ನಾಳೆಯಿಂದ ವಾರ್ಡಿಗೆ ಬಾ. ಆ ಅಮ್ಮನ ಹತ್ರ ಹೋಗಿ ಕಾಲಿಗೆ ಬಿದ್ದು ಬಾ ಮೊದಲು."

ಹುಡುಗಿ ಹೋದಳು. ಪ್ರೊಫೆಸರೂ ಕುರ್ಚಿ ಹಿಂದೆ ತಳ್ಳಿ ಎದ್ದರು.

"ನೀವು ಕೂತ್ಕೊಳಿ," ಎಂದರು ಮೇಡಂ. "ಪೂರ್ತಿ ಮಾಡಿ ತೋರಿಸಿ, ನೋಡೋಣ."

ಅವರು ಕೂತರು. ಈ ಸಲ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆಂಪೂಲು ತೆಗೆದರು, ಸಿರಿಂಜಿಗೆ ಎಳೆದರು, ಬಾಟಲಿಗೆ ಸೇರಿಸಿದರು. ಬಾಟಲಿಯನ್ನು ತಿರುಗಿಸಿ ಬೆರೆಸುವುದನ್ನು ಮರೆತು ಡ್ರಿಪ್ ಬಿಟ್ಟರು. ಬೆರೆಯದ ಔಷಧಿ ಅಡಿಯಲ್ಲಿ ಕೂತು ಮೊದಲು ಅದೇ ಇಳಿಯುತ್ತದೆ ಎಂದು ಅರಿವಳಿಕೆಯ ಡಾಕ್ಟರು ನನಗೆ ಹೇಳಿದ್ದರು, ನಾನು ಹಾಗೇ ಬರೆದಿದ್ದೆ. ನೀಲಿ ಸೀರೆಯ ಬೊಂಬೆ ಮತ್ತೆ ಕೂಗಿತು. ಅವರು ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿ, ಎಲ್ಲರೂ ನೋಡುತ್ತಿದ್ದಾರೆಂದು ಇಳಿಸಿದರು.

ನನ್ನ ಕಡೆ ತಿರುಗಿ, ಯಾರಿಗೂ ಕೇಳದ ಹಾಗೆ, "ಆ ಸೌಂಡ್ ಆಫ್ ಮಾಡಮ್ಮ," ಎಂದರು.

ನಾನು ಬಗ್ಗಿ ಸೌಂಡನ್ನು ಇನ್ನೂ ಸ್ವಲ್ಪ ಏರಿಸಿದೆ. ರೋಗಿಯನ್ನು ಮತ್ತೆ ಮಂಚದ ಮೇಲೆ ಮಲಗಿಸಿದೆ.

"ಮೊದಲಿಂದ ಮಾಡಿ ಸಾರ್," ಎಂದೆ.