ಗವಿಯೊಳಗಿನ ತೂತುಗಡಿಗೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಗವಿಯ ಬಾಯಿ ಮೂಡಣಕ್ಕಿತ್ತೆಂದು ನನ್ನ ನೆನಪು. ಆಗಿನ ನನ್ನದೇ ದಿನಚರಿಯಲ್ಲಿ ಪಡುವಣಕ್ಕೆ ಎಂದಿದೆ. ಯಾವುದನ್ನು ನಂಬಲಿ, ತಿಳಿಯದು.

ಎಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಭೂವಿಜ್ಞಾನ ಓದುತ್ತಿದ್ದೆ. ಗವಿಯ ಸೂರಿನಿಂದ ತೊಟ್ಟಿಕ್ಕುವ ನೀರು ತನ್ನಲ್ಲಿ ಕರಗಿದ ಸುಣ್ಣವನ್ನು ನೆಲದಲ್ಲಿ ಬಿಡುತ್ತದೆ, ಅದು ಪದರ ಪದರವಾಗಿ ಕಲ್ಲಾಗಿ ಏಳುತ್ತದೆ, ಸೀಳಿದರೆ ಹಳೆಯ ಮಳೆಗಾಲಗಳನ್ನು ಓದಬಹುದು ಎಂದು ಪ್ರಾಧ್ಯಾಪಕರು ಹೇಳಿದ್ದರು. ಮಳೆ ಹೆಚ್ಚಾದ ಕಾಲದ ಪದರಿನಲ್ಲಿ ಹಗುರ ಬಗೆಯ ಆಮ್ಲಜನಕದ ಪಾಲು ಹೆಚ್ಚು, ಮಳೆ ಕೈಕೊಟ್ಟ ಕಾಲದ್ದರಲ್ಲಿ ಭಾರ ಬಗೆಯದು. ಕೇಳಿದೊಡನೆ ಮುಂಡರಗಿ ಕಡೆ ಗುಡ್ಡದ ಬುಡದಲ್ಲಿದ್ದ, ಅವ್ವನ ತಂಗಿ ಚಿಗವ್ವನ ಊರಿನ ಗವಿ ನೆನಪಾಯಿತು. ನನ್ನ ಪ್ರಬಂಧಕ್ಕೆ ಅದೇ ಆಗಲಿ ಎಂದು ಗದಗದಲ್ಲಿ ಬಸ್ಸು ಹತ್ತಿದೆ.

“ಕಲ್ಲ ಓದಾಕ ಧಾರವಾಡಕ್ಕ ಹೋಗಬೇಕಾಗಿತ್ತೇನವಾ? ನಮ್ಮ ಹೊಲದಾಗ ಬರೇ ಕಲ್ಲ ಅದಾವು. ಕುಂತು ಓದು,” ಎಂದು ಚಿಗವ್ವ ನಕ್ಕಳು. ನಕ್ಕರೂ ಜೊತೆಗೆ ಗುಡ್ಡ ಹತ್ತಿದಳು.

ಒಳಗೆ ಮೊಣಕಾಲೆತ್ತರದ ಕಲ್ಲು, ತಲೆ ನುಣ್ಣಗೆ. ಅದರ ನೇರಕ್ಕೆ ಮೇಲಿನಿಂದ ಕೊಳೆತ ಹಗ್ಗವೊಂದು ಇಳಿಬಿದ್ದಿತ್ತು.

“ಇದೇನ ಚಿಗವ್ವ?”

“ಗಡಿಗಿ ಕಟ್ಟೂ ಹಗ್ಗ. ಮಳಿ ಹೋದ ವರ್ಷ ಇಲ್ಲಿ ಹನಿ ನಿಂತ ಬಿಡತೈತಿ. ಹನಿ ನಿಂತ್ರ ಮಳಿ ದಾರಿ ಮರೀತೈತಿ. ಅದಕ್ಕ ಗಡಿಗಿಗೆ ತೂತು ಮಾಡಿ, ಅರಿವಿ ಬತ್ತಿ ತುರುಕಿ, ಬಾವಿ ನೀರು ತುಂಬಿ ಕಟ್ಟೋದು. ನಮ್ಮ ಮನಿ ಸೊಸಿದ ಆ ಕೆಲಸ. ನಮ್ಮತ್ತಿ ಕಟ್ಟತಿದ್ಲು, ಆಕಿ ಅತ್ತಿನೂ.”

ಅಲ್ಲೇ ಕುಳಿತುಬಿಟ್ಟೆ. ಬರದ ವರ್ಷಗಳಲ್ಲಿ ಈ ಕಲ್ಲು ಕುಡಿದದ್ದು ಬಾವಿಯ ನೀರನ್ನು. ಯಾವ ಗೆರೆ ಆಕಾಶದ್ದು, ಯಾವುದು ಗಡಿಗೆಯದು? ಗಡಿಗೆ ಕಟ್ಟದೆ ಹನಿ ನಿಂತೇ ಹೋದ ಒಂದು ವರ್ಷ ಖಚಿತವಾಗಿ ಗೊತ್ತಾದರೆ ಮಾತ್ರ, ಪದರು ಬೆಳೆಯದ ಆ ಗುರುತು ಹಿಡಿದು ಉಳಿದವನ್ನು ಬೇರ್ಪಡಿಸಬಹುದಿತ್ತು.

ಅಂಥ ವರ್ಷ ಒಂದಿರಬಹುದು ಎನಿಸಿತು. ಗಂಡ ಸತ್ತವಳು ಆ ಗಡಿಗೆ ಮುಟ್ಟುವಂತಿರಲಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ದೊಡ್ಡ ಬರ ಬಿದ್ದಾಗ, ಮಳೆಗಾಲಕ್ಕೆ ಮೊದಲೇ ಚಿಗಪ್ಪ ತೀರಿಕೊಂಡಿದ್ದ. ಅತ್ತೆ ಅದಕ್ಕೂ ಹಿಂದೆಯೇ ಹೋಗಿದ್ದಳು. ಮನೆಯಲ್ಲಿ ಬೇರೆ ಸೊಸೆಯರಿಲ್ಲ.

ಆ ವರ್ಷ ಗಡಿಗೆ ಕಟ್ಟಿದ್ದೆಯಾ ಎಂದು ಕೇಳಿದೆ. ಚಿಗವ್ವ ಸೆರಗಿನಿಂದ ಕಲ್ಲಿನ ಮೇಲಿನ ಧೂಳು ಒರೆಸತೊಡಗಿದಳು. ಕಟ್ಟಿದ್ದೆ ಎಂದರೆ ಕಟ್ಟಳೆ ಮುರಿದವಳಾಗುತ್ತಾಳೆ. ಇಲ್ಲ ಎಂದರೆ, ಗಡಿಗೆ ಕಟ್ಟದ್ದಕ್ಕೇ ಬರ ಬಂತೆಂದು ಊರು ಅವಳ ಬೆನ್ನ ಹಿಂದೆ ಆಡಿದ್ದನ್ನು ತಾನೇ ಒಪ್ಪಿದಂತೆ. ಇದು ನನಗೆ ಅಲ್ಲಿಯೇ ಹೊಳೆಯಿತೋ, ಬಸ್ಸಿನಲ್ಲಿ ಮರಳುವಾಗಲೋ, ಈಗ ಹೇಳಲಾರೆ.

“ಜಲ್ದಿ ಇಳಿಯೂನು ನಡಿ, ಎಮ್ಮಿ ಒದರತಿರತಾವು,” ಎಂದಷ್ಟೇ ಅಂದಳು.

ಕಲ್ಲನ್ನು ಮುಟ್ಟಲಿಲ್ಲ, ಪ್ರಬಂಧಕ್ಕೆ ಬೇರೆ ವಿಷಯ ಹಿಡಿದೆ. ಚಿಗವ್ವ ಹೆಚ್ಚು ವರ್ಷ ಬದುಕಲಿಲ್ಲ. ಅವಳ ಹಾಸಿಗೆಯ ಪಕ್ಕ ಕುಳಿತು ಮತ್ತೊಮ್ಮೆ ಕೇಳಿದೆ, ಈ ಸಲ ಪ್ರಬಂಧಕ್ಕಲ್ಲ. ಅವಳು ಗೋಡೆಯ ಕಡೆ ಹೊರಳಿದಳು. ನಾನು ಪ್ರಶ್ನೆಯನ್ನೇ ಬದಲಿಸಿದೆ.

“ಆ ವರ್ಷ ನೀ ಒಬ್ಬಾಕಿನ ಗುಡ್ಡ ಹತ್ತಿದ್ದೇನ ಚಿಗವ್ವ?”