ಗಿರಣಿ ಕಟ್ಟೆಯ ಸಾಬೀರಾ ಸಿಸ್ಟರು

ಸಂಕರ್ಷಣ ಮಾಸ್ತರರ ಬನಿಯನ್ನಿಗೆ ಬಗಲಲ್ಲಿ ಅಂಗೈ ಅಗಲದ ತೂತಿದೆ ಎಂಬುದು ಝಳಕಿ ಊರಿನ ಮಂದಿಗೆ ಗೊತ್ತಾಗಬೇಕಾದ ವಿಷಯವೇನಲ್ಲ. ಆದರೆ ಇಸ್ತ್ರಿ ಮಾಡಿದ ಅಂಗಿಯ ತೋಳು ಮೊಣಕೈ ದಾಟಿ ಮೇಲೇರಲಿಲ್ಲ, ಬಿ.ಪಿ. ಪಟ್ಟಿ ಕಟ್ಟಿಸಿಕೊಳ್ಳಲು ಅಂಗಿಯನ್ನೇ ಅರ್ಧ ಕಳಚಬೇಕಾಯಿತು. ಗಿರಣಿಯ ಕಟ್ಟೆಯ ಮೇಲೆ ಹಿಟ್ಟಿಗಾಗಿ ಕಾದು ಕೂತಿದ್ದ ಮುದುಕಿ ಗೋದೂಬಾಯಿ ಕನ್ನಡಕ ಸರಿಪಡಿಸಿಕೊಂಡು ನೋಡಿದರು.

"ಇರಲಿ ಬಿಡಪ್ಪಾ, ಗಾಳಿ ಆಡ್ತದ."

ಇದೆಲ್ಲ ನರ್ಸ್ ಸಾಬೀರಾ ಅವರ ಏರ್ಪಾಡು. ದವಾಖಾನೆಗೆ ಕರೆದರೆ ನಾಳೆ ಅನ್ನುವವರು ಗಿರಣಿಗೆ ಮಾತ್ರ ಇವತ್ತೇ ಬರುತ್ತಾರೆ ಎಂಬುದನ್ನು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಕಂಡುಕೊಂಡಿದ್ದರು. ಹಾಗಾಗಿ ಪ್ರತಿ ಸೋಮವಾರ ಗಿರಣಿಯ ಕಟ್ಟೆಯ ಮೇಲೇ ಅವರ ಠಾಣೆ. ಜೋಳ ಬೀಸುವಷ್ಟರಲ್ಲಿ ಬಿ.ಪಿ. ನೋಡಿ ಆಗಬೇಕು. ಗಿರಣಿಯ ಸಿದ್ಧರಾಮನೂ ಅವರ ಪಕ್ಷ; ಸಿಸ್ಟರು ತಲೆಯಾಡಿಸದ ಹೊರತು ಹಿಟ್ಟಿನ ಡಬ್ಬಿ ಅವನ ಕೈ ಬಿಡದು. ಗುಳಿಗೆ ತಪ್ಪಿಸಿದವರ ಹೆಸರೆಲ್ಲ ಸಿಸ್ಟರಿಗೆ ಬಾಯಿಪಾಠ. ಒಮ್ಮೆ ಮದುವೆಯ ಪಂಗತಿಯಲ್ಲಿ ಬಿ.ಪಿ. ಇದ್ದ ಬೀಗರ ಎಲೆಯಿಂದಲೇ ಉಪ್ಪಿನಕಾಯಿ ಎತ್ತಿದವರು ಅವರು.

ಮಾಸ್ತರರಿಗೋ ಅವಸರ. ನಾಲ್ಕಕ್ಕೆ ಇಂಡಿ ಪಟ್ಟಣದ ಕಾಲೇಜಿನಲ್ಲಿ ಅವರ ಭಾಷಣ: 'ಹತ್ತು ಶ್ರೀಮಂತ ದೇಶಗಳ ಆರೋಗ್ಯ ಪದ್ಧತಿ'. ಅದಕ್ಕಾಗಿ ಆರು ತಿಂಗಳು ಓದಿದ್ದರು. ಆ ಆರು ತಿಂಗಳಲ್ಲಿ ತಮ್ಮ ಗುಳಿಗೆ ನುಂಗಲು ಮಾತ್ರ ಪುರಸೊತ್ತಾಗಿರಲಿಲ್ಲ.

"ನೂರಾ ಎಂಬತ್ನಾಕು," ಅಂದರು ಸಾಬೀರಾ. "ಐದು ನಿಮಿಷ ಸುಮ್ಕ ಕೂಡ್ರಿ ಸರ, ಮತ್ತ ನೋಡ್ತೇನಿ. ಇಳೀಲಿಲ್ಲಂದ್ರ ಭಾಷಣಕ್ಕಲ್ಲ, ಸೀದಾ ಡಾಕ್ಟರ ಕಡೆ ಹೋಗೂದು."

"ಅದ್ಹ್ಯಾಂಗ್ರಿ? ಮಂದಿ ಕಾಯ್ತಿರ್ತಾರ!" ಎಂದವರೇ ಮಾಸ್ತರರು ಭಾಷಣವನ್ನು ಅಲ್ಲೇ ಶುರು ಮಾಡಿದರು. "ನೋಡ್ರಿ, ಅಮೆರಿಕಾದವ್ರು ಎಲ್ಲಾರಿಗಿಂತ ಹೆಚ್ಚು ಖರ್ಚು ಮಾಡ್ತಾರ, ಆದ್ರ ಹೆಚ್ಚು ವರ್ಷ ಬದುಕವ್ರು ಜಪಾನಿನವ್ರು. ಇಂಗ್ಲೆಂಡಿನಾಗ ಡಾಕ್ಟರಿಗೆ ರೊಕ್ಕ ಕೊಡಂಗಿಲ್ಲ, ಖರೆ ಪಾಳಿ ಭಾಳ ಉದ್ದ..."

"ಇಲ್ಲೂ ಪಾಳಿ ಅದನೋ, ಲಗೂನ ಮುಗಸು," ಅಂದರು ಗೋದೂಬಾಯಿ.

ಗಿರಣಿಯ ಸದ್ದನ್ನು ಮೀರಿಸಿ ಕೂಗಬೇಕಾದ್ದರಿಂದ ಜರ್ಮನಿಗೆ ಬರುವಷ್ಟರಲ್ಲಿ ಮಾಸ್ತರರ ಕುತ್ತಿಗೆಯ ನರಗಳು ಉಬ್ಬಿದ್ದವು. ಎರಡನೇ ಸಲ ನೋಡಿದಾಗ ನೂರಾ ಎಂಬತ್ತೆಂಟು.

"ಇನ್ನ ಒಂದ ಸಲರಿ," ಅಂದರು ಸಾಬೀರಾ. "ಆಮ್ಯಾಲ ನಾನ ಆಟೋ ಕರೀತೇನಿ."

ಅತ್ತ ರಸ್ತೆಯಲ್ಲಿ ಇಂಡಿಗೆ ಹೋಗುವ ಬಸ್ಸು ಹಾರ್ನ್ ಹೊಡೆಯಿತು. ಮಾಸ್ತರರು ಕಣ್ಣು ಮುಚ್ಚಿ, ಉಸಿರು ಎಳೆದು, ಋಷಿಯಂತೆ ಕೂತರು. ಸಿಸ್ಟರು ಗುಂಡಿ ಒತ್ತಿದರು. ಪಟ್ಟಿ ಬಿಗಿಯತೊಡಗಿತು. ಹತ್ತು ಸೆಕೆಂಡು ಕಳೆಯಿತು. ಮಾಸ್ತರರಿಗೆ ತಡೆಯಲಾಗಲಿಲ್ಲ.

"ಸಿಸ್ಟರ, ಒಂದ ಪ್ರಶ್ನಿ. ನಿಮ್ಮ ಲೆಕ್ಕದಾಗ ಯಾವ ದೇಶದ ಪದ್ಧತಿ ಚಲೋ?"

ಸಾಬೀರಾ ಯಂತ್ರದಿಂದ ಕಣ್ಣೆತ್ತಲಿಲ್ಲ.

"ಬಿ.ಪಿ. ನೋಡೂವಾಗ ಮಾಸ್ತರಗೋಳು ಬಾಯಿ ಮುಚ್ಚೂ ದೇಶದ್ದರಿ."